ಅಳಿಲು ಮತ್ತು ಸಂಕಲ್ಪಹಿಂಸೆ

ಕನ್ನಡದಲ್ಲಿ ಅಳಿಲು ಎಂದೊಡನೆ ನೆನಪಾಗುವುದು ಸೇತುವೆಗೆ ಮರಳು ಹೊತ್ತ ಪುಟ್ಟ ಜೀವ. ಕಿರಿದಾದ ನೆರವನ್ನು ನಾವು ಇಂದಿಗೂ ‘ಅಳಿಲು ಸೇವೆ’ ಎನ್ನುತ್ತೇವೆ. ಬ್ರಿಟನ್ನಿನಲ್ಲಿ ಅದೇ ಪ್ರಾಣಿಯ ಹೆಸರು ಒಂದು ಕಠಿಣ ಪ್ರಶ್ನೆಯೊಡನೆ ಬೆಸೆದುಕೊಂಡಿದೆ: ಒಂದು ಅಳಿಲನ್ನು ಉಳಿಸಲು ಇನ್ನೊಂದು ಅಳಿಲನ್ನು ಕೊಲ್ಲಬಹುದೇ? ಜನ್ನನ ‘ಯಶೋಧರ ಚರಿತೆ’ಯನ್ನು ಬಹುಕಾಲದಿಂದ ಪಾಠ ಹೇಳುತ್ತ ಬಂದಿರುವ ನನಗೆ ಈ ಪ್ರಶ್ನೆ ಪರದೇಶದ್ದೆಂದು ತೋರಲಿಲ್ಲ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಮಾತ್ರದಿಂದಲೇ ತಾಯಿಮಗ ಜನ್ಮಜನ್ಮಾಂತರ ತೊಳಲುವ ಕಾವ್ಯವದು.

ಉತ್ತರ ಅಮೆರಿಕದ ಬೂದು ಅಳಿಲನ್ನು 1876ರಲ್ಲಿ ಚೆಷೈರ್‌ನ ಹೆನ್ಬರಿ ಉದ್ಯಾನದಲ್ಲಿ ಬಿಡಲಾಯಿತು. 1911ರಲ್ಲಿ ಐರ್ಲೆಂಡಿನ ಕ್ಯಾಸಲ್ ಫೋರ್ಬ್ಸ್‌ನಲ್ಲಿಯೂ ಬಿಟ್ಟರು. ಶ್ರೀಮಂತರ ಎಸ್ಟೇಟುಗಳಿಗೆ ಅದೊಂದು ಅಲಂಕಾರ. ಈ ಅತಿಥಿ ಸ್ಥಳೀಯ ಕೆಂಪು ಅಳಿಲಿಗಿಂತ ಹೆಚ್ಚು ತೂಕದ್ದು. ಓಕ್ ಕಾಯಿಗಳನ್ನು ಅದಕ್ಕಿಂತ ಚೆನ್ನಾಗಿ ಜೀರ್ಣಿಸಿಕೊಳ್ಳಬಲ್ಲುದು. ಮಿಗಿಲಾಗಿ, ತಾನು ಸಾಯದೆ ಅಳಿಲು ಸಿಡುಬಿನ ವೈರಾಣುವನ್ನು ಹೊತ್ತು ತಿರುಗುತ್ತದೆ. ಆ ರೋಗ ತಗುಲಿದ ಕೆಂಪು ಅಳಿಲು ಸಾಮಾನ್ಯವಾಗಿ ಎರಡು ವಾರಗಳಲ್ಲಿ ಸಾಯುತ್ತದೆ. ಬೂದು ಅಳಿಲಿನ ಆಮದನ್ನು ಕಾನೂನು ನಿಷೇಧಿಸಿದ್ದು 1937ರಲ್ಲಿ, ಕಾಲ ಮಿಂಚಿತ್ತು. 1950ರ ದಶಕದಲ್ಲಿ ಸರ್ಕಾರವೇ ಬಾಲಕ್ಕಿಷ್ಟು ಶಿಲಿಂಗ್ ಎಂದು ಬಹುಮಾನ ಕೊಟ್ಟು ನೋಡಿತು. ಫಲ ಸಿಗಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ವರ್ಷ 1903. ಬಿಯಾಟ್ರಿಕ್ಸ್ ಪಾಟರ್ ಕೆಂಪು ಅಳಿಲನ್ನೇ ನಾಯಕನಾಗಿಸಿ ‘ಸ್ಕ್ವಿರಲ್ ನಟ್‌ಕಿನ್’ ಕಥೆಯನ್ನು ಪ್ರಕಟಿಸಿದ್ದು ಆಗಲೇ. ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ‘ಹೈಲ್ಯಾಂಡ್ ಸ್ಕ್ವಿರಲ್ ಕ್ಲಬ್’ ಹುಟ್ಟಿತು. ಅದರ ಉದ್ದೇಶ ರಕ್ಷಣೆಯಲ್ಲ, ಬೇಟೆ. ತೋಪುಗಳ ಮರಕ್ಕೆ ಹಾನಿಮಾಡುತ್ತವೆಂದು ಅದರ ಸದಸ್ಯರು ಹತ್ತಾರು ಸಾವಿರ ಕೆಂಪು ಅಳಿಲುಗಳನ್ನು ಕೊಂದರು. ಆ ಕೆಂಪು ಅಳಿಲುಗಳಾದರೂ ಎಲ್ಲಿಯವು? ಸ್ಕಾಟ್ಲೆಂಡಿನ ಬಹುಭಾಗದಲ್ಲಿ 18ನೆಯ ಶತಮಾನದ ವೇಳೆಗೆ ಆ ಸಂತತಿ ಅಳಿಯುವಂತಾಗಿ, ಬಳಿಕ ಹೊರಗಿನಿಂದ ತಂದು ಬಿಟ್ಟಿದ್ದರು. ನಮ್ಮ ವ್ಯಾಕರಣದಲ್ಲಿ ದೇಶ್ಯ, ಅನ್ಯದೇಶ್ಯ ಎಂದು ಪದಗಳನ್ನು ವಿಂಗಡಿಸುವಾಗಿನ ತೊಡಕೇ ಇಲ್ಲಿಯೂ ಇದೆ. (ಭಾರತದ ಐದು ಪಟ್ಟೆಯ ಅಳಿಲು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಅನ್ಯದೇಶ್ಯವೇ.)

ಹೀಗೆಂದು ಎಲ್ಲವೂ ಸಮವೆನ್ನಲಾಗದು. ವೇಲ್ಸ್‌ನ ಆಂಗಲ್ಸೀ ದ್ವೀಪದಲ್ಲಿ 1998ರ ಸುಮಾರಿಗೆ ಉಳಿದಿದ್ದ ಕೆಂಪು ಅಳಿಲುಗಳು ನಲವತ್ತರಷ್ಟು ಮಾತ್ರ. ಬೂದು ಅಳಿಲುಗಳನ್ನು ಬೋನಿನಲ್ಲಿ ಹಿಡಿದು ಕೊಲ್ಲುವ ಕೆಲಸ ವರ್ಷಾನುಗಟ್ಟಲೆ ನಡೆಯಿತು. 2015ರ ವೇಳೆಗೆ ಅವುಗಳಿಲ್ಲದ ದ್ವೀಪದಲ್ಲಿ ಕೆಂಪು ಅಳಿಲುಗಳು ಏಳುನೂರರಷ್ಟಾಗಿದ್ದವು. ಸ್ವಯಂಸೇವಕರು ದಿನವೂ ಬೋನು ನೋಡಿಬರುವ ಈ ಕಾಯಕವನ್ನು ಅಳಿಲು ಸೇವೆ ಎನ್ನಲು ನಾಲಗೆ ತಡವರಿಸುತ್ತದೆ, ಖಂಡಿಸಲೂ ನನಗಾಗದು. ಬಿಟ್ಟಿದ್ದರೆ ಆ ನಲವತ್ತೂ ಉಳಿಯುತ್ತಿರಲಿಲ್ಲ. ನನ್ನ ಆಕ್ಷೇಪವಿರುವುದು ‘ನಿಯಂತ್ರಣ’ ಎಂಬ ಮೃದುವಾದ ಮಾತಿಗೆ. ಅದು ಕೊಲೆ, ಸಂಕಲ್ಪಪೂರ್ವಕವಾದದ್ದು. ಹಾಗೆಂದು ಒಪ್ಪಿಕೊಂಡು ಮಾಡುವುದಕ್ಕೂ ಪದದಿಂದ ಮುಚ್ಚಿ ಮಾಡುವುದಕ್ಕೂ ವ್ಯತ್ಯಾಸವಿದೆ. ಅಲಂಕಾರಕ್ಕೆಂದು ತಂದು ಬಿಟ್ಟವರ ಋಣವನ್ನು ತೀರಿಸುತ್ತಿರುವುದು ಬೂದು ಅಳಿಲು.

ಐರ್ಲೆಂಡಿನಿಂದ ಬಂದ ಸುದ್ದಿ ಬೇರೆ ಬಗೆಯದು. ಪೈನ್ ಮಾರ್ಟೆನ್ ಎಂಬ, ಮರ ಹತ್ತಬಲ್ಲ ಬೇಟೆಪ್ರಾಣಿಯನ್ನು ಹಿಂದೆ ಮನುಷ್ಯರು ಬಹುತೇಕ ನಿರ್ಮೂಲಗೊಳಿಸಿದ್ದರು. ಕಾನೂನಿನ ರಕ್ಷಣೆ ಸಿಕ್ಕಮೇಲೆ ಅದು ಮರಳಿ ಹಬ್ಬಿದ ಮಧ್ಯ ಐರ್ಲೆಂಡಿನ ಕಾಡುಗಳಲ್ಲಿ ಬೂದು ಅಳಿಲು ಕುಸಿದು, ಕೆಂಪು ಅಳಿಲು ಚೇತರಿಸಿಕೊಂಡಿತೆಂದು ಎಮ್ಮಾ ಶೀಹಿ ಮತ್ತು ಕಾಲಿನ್ ಲಾಟನ್ 2014ರಲ್ಲಿ ಪ್ರಕಟಿಸಿದರು. ಆ ಬೇಟೆಗಾರನೊಡನೆ ಸಾವಿರಾರು ವರ್ಷ ಬಾಳಿದ ಕೆಂಪು ಅಳಿಲು ಅದನ್ನು ಬಲ್ಲದು. ಬೂದು ಅಳಿಲಿಗೆ ಆ ಪರಿಚಯವಿಲ್ಲ.

ಇಂಗ್ಲೆಂಡಿನ ವಿಜ್ಞಾನಿಗಳು ಮತ್ತೊಂದು ದಾರಿಯನ್ನೂ ಅರಸುತ್ತಿದ್ದಾರೆ: ಬೂದು ಅಳಿಲಿಗೆ ಆಹಾರದಲ್ಲಿ ಗರ್ಭನಿರೋಧಕವನ್ನು ಕೊಡುವುದು. ಅದಕ್ಕಾಗಿ ಅವರು ರೂಪಿಸಿರುವ ಪೆಟ್ಟಿಗೆಯ ಬಾಗಿಲು ಬೂದು ಅಳಿಲಿನ ತೂಕಕ್ಕೆ ತೆರೆದುಕೊಳ್ಳುತ್ತದೆ, ಕೆಂಪು ಅಳಿಲಿನ ತೂಕಕ್ಕೆ ಅಲುಗುವುದಿಲ್ಲ.