ಕಿಂಯ್ ಅಂತೈತೋ, ಟಕಟಕ ಅಂತೈತೋ

ಕಾರು ಕೈಕೊಟ್ಟಾಗ ನಾನು ಮೊದಲು ಫೋನ್ ಮಾಡುವುದು ಗ್ಯಾರೇಜಿಗಲ್ಲ, ಹರಿಹರದಲ್ಲಿರುವ ಅಪ್ಪಾಜಿಗೆ. ಅವರೇನೂ ಕಾರು ಮೆಕ್ಯಾನಿಕ್ ಅಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲೇತ್ ಮುಂದೆ ನಿಂತವರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದ ಮೇಲೆ ಹರಿಹರ ಲೇತ್‌ಗಳ ಊರಾಯಿತು. ಆ ಕಾರ್ಖಾನೆ ಮುಚ್ಚಿದ ಮೇಲೂ ಅಲ್ಲಿ ತಯಾರಾದ ಯಂತ್ರಗಳು ಸಣ್ಣಪುಟ್ಟ ವರ್ಕ್‌ಶಾಪ್‌ಗಳಲ್ಲಿ ತಿರುಗುತ್ತಲೇ ಇದ್ದವು. ಅಂಥದೊಂದು ತಗಡಿನ ಶೆಡ್ಡಿನಲ್ಲಿ ಅಪ್ಪಾಜಿ ಇನ್ನೂ ಮೂವರ ಜೊತೆ ದುಡಿದರು. ಟೂಲ್ ಕಬ್ಬಿಣಕ್ಕೆ ತಾಗಿದ ಸದ್ದಿನಲ್ಲೇ ಅದು ಮೊಂಡಾಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು.

ಹಾಗಾಗಿ ಫೋನಿನಲ್ಲಿ ಅವರ ಮೊದಲ ಮಾತು ‘ಬಾನೆಟ್ ಎತ್ತಿ ಹತ್ರ ಹಿಡಿ’ ಎಂದೇ ಇರುತ್ತಿತ್ತು. ಎರಡು ವರ್ಷದಿಂದ ಅದು ಬದಲಾಗಿದೆ. ‘ನೀನೇ ಹೇಳವ್ವ, ಹೆಂಗ್ ಅಂತೈತಿ? ಕಿಂಯ್ ಅಂತೈತೋ, ಟಕಟಕ ಅಂತೈತೋ, ಗೊರ್ ಅಂತೈತೋ?’

ಶಾಲೆಯ ವ್ಯಾಕರಣದಲ್ಲಿ ಇವು ಅನುಕರಣಾವ್ಯಯಗಳು. ಪಟಪಟ, ದಬದಬ ಎಂದು ನಾಲ್ಕು ಉದಾಹರಣೆ ಕೊಟ್ಟು ಮೇಷ್ಟ್ರು ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಕನ್ನಡದಲ್ಲೇ ಸಂಶೋಧನೆ ಮಾಡುತ್ತಿರುವ ನಾನೂ ಅವನ್ನು ಪದ್ಯಕ್ಕೆ ಒಗ್ಗರಣೆ ಎಂದಷ್ಟೇ ತಿಳಿದಿದ್ದೆ. ಅಪ್ಪಾಜಿಗೆ ಅವು ಪಾರಿಭಾಷಿಕ ಪದಗಳು. ಟಕಟಕ ಅಂದರೆ ಟ್ಯಾಪೆಟ್, ಗೊರ್ ಅಂದರೆ ಬೇರಿಂಗು, ಕಿಂಯ್ ಅಂದರೆ ಬೆಲ್ಟು.

ಕಿವಿಯ ಡಾಕ್ಟರು ಕೊಟ್ಟ ಗ್ರಾಫಿನಲ್ಲಿ ಗೆರೆ ನೆಟ್ಟಗೆ ಬಂದು 4000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದಿತ್ತು. ಗದ್ದಲದಲ್ಲಿ ದುಡಿದವರ ಕಿವಿ ಮೊದಲು ಸೋಲುವುದು ಆ ಎತ್ತರದ ಸದ್ದುಗಳಿಗೇ. ಅಪ್ಪಾಜಿ ಕಾಗದವನ್ನು ಡ್ರಾಯಿಂಗ್ ಹಿಡಿದಂತೆ ಹಿಡಿದು, ‘ಇಲ್ಲಿ ಕಟ್ ಡೀಪ್ ಆಗೈತಿ’ ಅಂದರು. ಡಾಕ್ಟರು ನಕ್ಕರು, ನನಗೆ ಆಗಲಿಲ್ಲ. ಸದ್ದಿನಿಂದ ಬರುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ಆದರೆ ಆ ಕಾಯ್ದೆಯ ಪ್ರಕಾರ, ಕರೆಂಟಿನಿಂದ ನಡೆಯುವ ಜಾಗ ಕಾರ್ಖಾನೆ ಅನ್ನಿಸಿಕೊಳ್ಳಲು ಸಾಮಾನ್ಯವಾಗಿ 10 ಮಂದಿಯಾದರೂ ಇರಬೇಕಿತ್ತು. ನಾಲ್ಕು ಜನರ ಶೆಡ್ಡಿನ ಕಿವಿಗಳು ಯಾವ ಪಟ್ಟಿಗೂ ಬರಲಿಲ್ಲ.

ಈ ಬೇಸಿಗೆಯಲ್ಲಿ ದಾವಣಗೆರೆಯಿಂದ ಊರಿಗೆ ಹೊರಟಿದ್ದೆ. ಇರುವುದೇ 14 ಕಿಲೋಮೀಟರ್. ನನ್ನದು ಎರಡನೇ ಕೈಯಿಂದ ಕೊಂಡ ಮಾರುತಿ 800. ದೊಡ್ಡಬಾತಿ ದಾಟುವಷ್ಟರಲ್ಲಿ ಬ್ಯಾಟರಿ ದೀಪ ಹತ್ತಿಕೊಂಡಿತು. ಹಿಂದಿನ ವಾರವಷ್ಟೇ ಒಂದು ಗ್ಯಾರೇಜಿನವರು ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ ಎಂದಿದ್ದರು. ಭತ್ತದ ಗದ್ದೆಯ ಪಕ್ಕ ನಿಲ್ಲಿಸಿ ಫೋನ್ ಮಾಡಿದೆ.

‘ಟೆಂಪರೇಚರ್ ಮುಳ್ಳು ಎಲ್ಲೈತಿ?’

‘ಮ್ಯಾಲೆ ಹೋಗೇತಿ.’

‘ಸದ್ದು?’

‘ಕಿಂಯ್ ಅಂತಿತ್ತು. ಆಕ್ಸಿಲರೇಟರ್ ಒತ್ತಿದ್ರೆ ಜೋರು.’

‘ಬ್ಯಾಟರಿ ಹಾಳಾದ್ರೆ ಇಂಜಿನ್ ಯಾಕೆ ಕಾಯ್ತೈತಿ? ಬೆಲ್ಟ್ ಸಡ್ಲಾಗೇತಿ. ಆಫ್ ಮಾಡು. ರೇಡಿಯೇಟರ್ ಮುಚ್ಚಳ ಮುಟ್ಟಬ್ಯಾಡ. ಬಂದೆ.’

ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ತಿರುಗಿಸುವುದು ಅದೊಂದೇ ಬೆಲ್ಟು. ಅದು ಜಾರಿದರೆ ಚಾರ್ಜಿಂಗೂ ಇಲ್ಲ, ನೀರಿನ ಓಟವೂ ಇಲ್ಲ. ತಾವು ಕೇಳಲಾಗದ ಸದ್ದನ್ನು ಅವರು ಎರಡು ಪ್ರಶ್ನೆಯಲ್ಲಿ ಹಿಡಿದಿದ್ದರು.

ಟಿವಿಎಸ್ ಎಕ್ಸೆಲ್‌ನಲ್ಲಿ ಸ್ಪ್ಯಾನರ್ ಚೀಲ ತಂದರು. ಇಂಜಿನ್ ಆರುವವರೆಗೂ ಬೇವಿನ ನೆರಳಲ್ಲಿ ಕೂತು ನನ್ನ ಥೀಸಿಸ್ ಯಾವಾಗ ಮುಗಿಯುತ್ತದೆ ಎಂದು ಕೇಳಿದರು. (ಆ ಪ್ರಶ್ನೆ ನನಗೂ ಕೇಳಿಸದಿದ್ದರೆ ಒಳ್ಳೆಯದಿತ್ತು.) ಆಮೇಲೆ ಬೋಲ್ಟ್ ಸಡಿಲಿಸಿ, ಆಲ್ಟರ್ನೇಟರ್ ಹಿಂದೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿ, ಬೋಲ್ಟನ್ನು ಮತ್ತೆ ಬಿಗಿ ಮಾಡಿದರು. ಹೆಬ್ಬೆರಳಿನಿಂದ ಬೆಲ್ಟ್ ಒತ್ತಿ ನೋಡಿ, ಸ್ಟಾರ್ಟ್ ಮಾಡು ಎಂದು ಕೈ ಮಾಡಿದರು.

ಇಂಜಿನ್ ಓಡುತ್ತಿತ್ತು. ಅವರು ಬಗ್ಗಿಯೇ ಇದ್ದರು, ಸ್ಪ್ಯಾನರ್ ಕೈಯಲ್ಲೇ ಇತ್ತು.

‘ಹೋತಾ?’

‘ಸ್ವಲ್ಪ ಐತಿ, ಅಪ್ಪಾಜಿ.’

ಆಫ್ ಮಾಡಿಸಿ ಇನ್ನೊಂದು ಸುತ್ತು ಬಿಗಿ ಮಾಡಿದರು. ಮತ್ತೆ ಸ್ಟಾರ್ಟ್ ಮಾಡಿದೆ. ಈ ಸಲ ಇಂಜಿನ್ ಕಡೆ ನೋಡಲಿಲ್ಲ. ನನ್ನ ಮುಖ ನೋಡುತ್ತಾ ನಿಂತರು.