ಹಳದಿ ಚೀಲ ಹೊತ್ತವರನ್ನ ಯಾರು ಕೇಳಿದ್ರು?

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರಗಿಯಲ್ಲೇ. ಆಮೇಲೆ ಆಸ್ಪತ್ರೆ ಸಿಬ್ಬಂದಿಗೆ ಈ ಹೊಸ ರೋಗದ ಬಗ್ಗೆ ಎಷ್ಟು ಗೊತ್ತು ಅಂತ ಸರ್ವೆ ಮೇಲೆ ಸರ್ವೆ ನಡೆದವು. ಬಹಳಷ್ಟು ಆನ್‌ಲೈನ್ ಫಾರ್ಮುಗಳೇ. ಡಾಕ್ಟರು, ನರ್ಸು ತುಂಬಿದರು. ವಾರ್ಡು ಗುಡಿಸೋ, ಹೆಣ ಕಟ್ಟೋ ನಮ್ಮವರು? ಗುತ್ತಿಗೆಯವರು, ಸಿಬ್ಬಂದಿ ಲೆಕ್ಕಕ್ಕೇ ಬರಲ್ಲ. ಮೇಲಿಂದ 'ಅವರಿಗೆ ಅರಿವು ಕಡಿಮೆ' ಅನ್ನೋ ಮಾತು ಬೇರೆ.

ನಮ್ಮ ಓಣಿಯ ಅಕ್ಕ ಒಬ್ಬರು ಕೋವಿಡ್ ವಾರ್ಡಿನ ಕಸ ಹೊರ್ತಿದ್ದರು. ಹಳದಿ ಚೀಲ ಎರಡೆರಡು ಹಾಕಬೇಕಂತ ಯಾರು ಹೇಳಿಕೊಟ್ರು ಅಂತ ಕೇಳಿದೆ.

"ಯಾರ್ ಹೇಳ್ತಾರ ತಮ್ಮಾ? ಒಂದು ಹರಿದು ಮೈಮ್ಯಾಲೆ ಸೋರ್ತು. ಅದಕ್ಕ ಇನ್ನೊಂದು ಹಾಕ್ದೆ."

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯಲ್ಲೂ ಎರಡು ಪದರ ಅಂತಲೇ ಇತ್ತು. ಆ ಕಾಗದ ಅಕ್ಕನ ತನಕ ಬರಲೇ ಇಲ್ಲ. ಗ್ಲೌಸು ಬಂದದ್ದು ಚೀಲ ಹರಿದ ಮೇಲೆ.