ಕಬ್ಬು ಕಡಿದ ಹೊಲದಾಗೊಂದು ತೇಜಸ್

ಗೋಕಾಕ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಎರಡು: ಕರದಂಟು ಮತ್ತು ಫಾಲ್ಸ್. ಈ ಸಲ ನಾನು ಹೋದದ್ದು ಎರಡಕ್ಕೂ ಅಲ್ಲ. ಹುಕ್ಕೇರಿಯಲ್ಲಿರುವ ನನ್ನ ತಮ್ಮನ ಮಗ ಮನೆಯ ಪಡಸಾಲೆಯಲ್ಲೇ ಒಂದು ಯುದ್ಧವಿಮಾನ ಕಟ್ಟಿದ್ದ. ಅದಕ್ಕೆ ಬಣ್ಣ ಹಚ್ಚಿಸೋಕೆ ಗೋಕಾಕ, ಹಾರಿಸೋಕೆ ಮೂಡಲಗಿ. "ಅತ್ತಿ, ನೀನೂ ಬಾ, ಹಿಂದಿನ ಸೀಟಿನಾಗ ಅದನ್ನ ಹಿಡಕೊಂಡು ಕೂಡಾಕ ಒಬ್ಬರು ಬೇಕು" ಅಂತ ಫೋನ್ ಮಾಡಿದ. ಧಾರವಾಡದಿಂದ ಹೊರಟೆ. ಹೀಗೆ ಮೂರು ಊರು, ನಾಲ್ಕು ದಿನ, ತೊಡೆಯ ಮೇಲೊಂದು ವಿಮಾನ.

ಹುಕ್ಕೇರಿ ಹಳೆಯ ಊರು. 'ಹೂವಿನ ಕೇರಿ' ಅನ್ನೋದೇ ಹುಕ್ಕೇರಿ ಆಯ್ತು, ಇಲ್ಲಿಂದ ಬಿಜಾಪುರದ ಆದಿಲ್‌ಶಾಹಿ ಅರಮನೆಗೆ ಗುಲಾಬಿ ಹೋಗ್ತಿತ್ತು ಅಂತ ಊರವರು ಹೇಳ್ತಾರೆ. ಆ ಕಾಲದ ಗುಮ್ಮಟಗಳು ಇವತ್ತಿಗೂ ನಿಂತಿವೆ. ಸಣ್ಣವಳಿದ್ದಾಗ ಅವುಗಳ ನೆರಳಲ್ಲೇ ಆಡಿದವಳು ನಾನು. ಇನ್ನೊಂದು ವಿಶೇಷ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ: ಹುಕ್ಕೇರಿ ಭಾಗದ ಮನೆಗಳಿಗೆ ಕರೆಂಟು ಕೊಡೋದು ಒಂದು ಸಹಕಾರಿ ಸಂಘ, 1969ರದು. ಆ ಕರೆಂಟಿನಲ್ಲೇ ನಮ್ಮ ಹುಡುಗನ ಬ್ಯಾಟರಿ ಒಂದು ಮಣ್ಣಿನ ಮಡಿಕೆಯೊಳಗೆ ಕೂತು ಚಾರ್ಜ್ ಆಗ್ತಿತ್ತು. ಈ ಲಿಥಿಯಂ ಪಾಲಿಮರ್ ಬ್ಯಾಟರಿ ಕೆಟ್ಟರೆ ಬೆಂಕಿ ಹತ್ತಬಹುದಂತೆ, ಅದಕ್ಕೇ ಮಡಿಕೆ. ಚಾರ್ಜ್ ಆಗೋವಷ್ಟು ಹೊತ್ತೂ ಅವನು ಅದರ ಪಕ್ಕ ಬಿಟ್ಟು ಏಳಲಿಲ್ಲ. ಹಾಲು ಕಾಯಾಕ ಇಟ್ಟಾಗ ನಿಲ್ಲದ ಮಕ್ಕಳು ಇದರ ಮುಂದೆ ನಿಲ್ತಾರೆ ನೋಡಿ!

ಕಟ್ಟಿದ್ದು ತೇಜಸ್. 2001ರ ಜನವರಿ 4ರಂದು ಬೆಂಗಳೂರಿನ ಆಕಾಶದಲ್ಲಿ ಮೊದಲ ಸಲ ಹಾರಿದ ನಮ್ಮದೇ ವಿಮಾನ. ನಿಜವಾದದ್ದು 13.2 ಮೀಟರ್ ಉದ್ದ, ರೆಕ್ಕೆಯ ಅಗಲ 8.2 ಮೀಟರ್. ಹತ್ತನೇ ಒಂದು ಅಳತೆ ಹಿಡಿದರೆ 132 ಸೆಂಟಿಮೀಟರ್ ಉದ್ದ, 82 ಅಗಲ. ಲೆಕ್ಕ ಸುಲಭ. ಆದರೆ ಆರಿಸಿಕೊಳ್ಳಲು ಅದಷ್ಟೇ ಕಾರಣ ಅಲ್ಲ. ತೇಜಸ್‌ಗೆ ಹಿಂದೆ ಬೇರೆ ಅಡ್ಡರೆಕ್ಕೆ ಇಲ್ಲ, ತ್ರಿಕೋನದ ಒಂದೇ ದೊಡ್ಡ ರೆಕ್ಕೆ. ಅದರ ಹಿಂದಿನ ಅಂಚಿನಲ್ಲಿ ಎರಡು ಪಟ್ಟಿ. ಎರಡೂ ಒಟ್ಟಿಗೆ ಮೇಲೆದ್ದರೆ ಮೂತಿ ಏಳತದ, ಒಂದು ಮೇಲೆ ಒಂದು ಕೆಳಗೆ ಆದರೆ ವಿಮಾನ ವಾಲತದ. ಎರಡೇ ಸರ್ವೋ ಮೋಟಾರಿನಲ್ಲಿ ಕೆಲಸ ಮುಗೀತು. ಬಡವರ ಮನೆಗೆ ಹೇಳಿ ಮಾಡಿಸಿದ ವಿನ್ಯಾಸ!

ಮೈಯೆಲ್ಲ ಫೋಮ್ ಹಾಳೆ, ಕಟ್ಟಡದವರು ಚಾವಣಿಗೆ ಹಾಕ್ತಾರಲ್ಲ, ಅಂಥದು. ಕತ್ತರಿಸಿದ್ದು ಹಳೇ ಕರೆಂಟಿನ ಒಲೆಯ ತಂತಿಯನ್ನ ಬಿಚ್ಚಿ, ಬಿಲ್ಲಿನ ಹಾಗೆ ಬಿಗಿದು, ಕೆಂಪಗೆ ಕಾಯಿಸಿ. ಊರಲ್ಲಿ ಗಣಪತಿ ಮಂಟಪಕ್ಕೆ ಥರ್ಮಾಕೋಲ್ ಕೊರೀತಿದ್ದವರ ಹತ್ತಿರ ಕಲಿತ ವಿದ್ಯೆ. ಮೇಲೆ ತೆಳು ಕಾಗದ, ನೀರು ಬೆರೆಸಿದ ಫೆವಿಕಾಲ್. ಹೊಟ್ಟೆಯೊಳಗೆ 70 ಮಿಲಿಮೀಟರಿನ ಫ್ಯಾನು, ಒಂದು ಕೊಳವೆಯೊಳಗೆ ಕೂತು ಮುಂದಿನ ಗಾಳಿ ಎಳೆದು ಹಿಂದಕ್ಕೆ ತಳ್ಳೋದು. ಸೀಮೆಎಣ್ಣೆ ಉರಿಸುವ ನಿಜವಾದ ಪುಟ್ಟ ಜೆಟ್ ಇಂಜಿನ್ನೂ ಸಿಗ್ತಾವಂತೆ, ಬೆಲೆ ಲಕ್ಷಗಳಲ್ಲಿ. ಇದು ಬರೀ ಫ್ಯಾನು. ಅದರ ನೂಕುವ ಬಲವನ್ನ ಕಿರಾಣಿ ಅಂಗಡಿಯ ತಕ್ಕಡಿಗೆ ಒತ್ತಿ ಹಿಡಿದು ನೋಡಿದ್ದನಂತೆ: ಒಂದೂವರೆ ಕೆ.ಜಿ. ವಿಮಾನದ ತೂಕ ಬ್ಯಾಟರಿ ಸಮೇತ 1,350 ಗ್ರಾಂ. "ತೂಕಕ್ಕಿಂತ ನೂಕು ಜಾಸ್ತಿ ಐತಿ ಅತ್ತಿ, ಹಾರೇ ಹಾರತೈತಿ" ಅಂದ.

ತಮ್ಮ ಮಾತ್ರ ಮುಖ ಗಂಟಿಕ್ಕಿಕೊಂಡೇ ಇದ್ದ. ರಿಮೋಟು, ಫ್ಯಾನು, ಬ್ಯಾಟರಿ ಎಲ್ಲ ಸೇರಿ ಹತ್ತೊಂಬತ್ತು ಸಾವಿರ. "ಹತ್ತೊಂಬತ್ತು ಸಾವಿರಕ್ಕ ಅರ್ಧ ಎಮ್ಮಿ ಬರತಿತ್ತು" ಅನ್ನೋದು ಅವನ ಒಂದೇ ಮಾತು.

ಇದರ ಹಿಂದೆ ಒಂದು ಕತೆ ಇದೆ, ಹೇಳದಿದ್ದರೆ ಮುಂದಿನದು ತಿಳಿಯೋದಿಲ್ಲ. ಬೆಳಗಾವಿಯ ಪಕ್ಕ ಸಾಂಬ್ರಾದಲ್ಲಿ ವಾಯುಸೇನೆಯ ತರಬೇತಿ ಶಾಲೆ ಇದೆ. ಅದರ ಗೇಟು ನೋಡಿದ ದಿನದಿಂದ ಹುಡುಗನಿಗೆ ಅದೇ ಹಂಬಲ. ಅರ್ಜಿ ಹಾಕುವ ಮುಂಚೆ ಕಣ್ಣು ತೋರಿಸಿಕೊಂಡು ಬಾ ಅಂತ ಯಾರೋ ಹೇಳಿದರು. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಇಶಿಹಾರಾ ಪುಸ್ತಕ ಇರತದಲ್ಲ, ಅದರಲ್ಲಿ ಪುಟದ ಮೇಲೆ ಪುಟ ಅವನಿಗೆ ಏನೂ ಕಾಣಲಿಲ್ಲ. ಕೆಂಪು ಹಸಿರು ಬೇರೆಯಾಗಿ ತಿಳಿಯೋದಿಲ್ಲ. ಈ ಗುಣ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರೋದು ಅಂತ ಡಾಕ್ಟರು ವಿವರಿಸಿದರು. ಅವತ್ತಿನಿಂದ ಅವನ ತಾಯಿ ತನ್ನದೇ ತಪ್ಪೇನೋ ಅನ್ನೋ ಹಾಗೆ ಮಾತು ಕಡಿಮೆ ಮಾಡಿದ್ದಳು. ಹುಡುಗ ಅರ್ಜಿ ಹಾಕಲಿಲ್ಲ. ನಾಲ್ಕು ತಿಂಗಳು ಸುಮ್ಮನಿದ್ದು ಐದನೇ ತಿಂಗಳು ಫೋಮ್ ತಂದ.

ಈಗ ತೊಡಕು ಬಂದದ್ದು ಬಣ್ಣದಲ್ಲೇ. ಯುದ್ಧವಿಮಾನಕ್ಕೆ ಬೂದು ಬಣ್ಣ ಹಚ್ಚೋದು ಯಾಕೆ ಹೇಳಿ? ಆಕಾಶದಲ್ಲಿ ಕಾಣಬಾರದು ಅಂತ. ಆದರೆ ನೆಲದ ಮೇಲೆ ನಿಂತು ರಿಮೋಟಿನಲ್ಲಿ ಹಾರಿಸುವವನಿಗೆ ಅದು ಕಾಣಲೇಬೇಕು. ಕಾಣೋದಷ್ಟೇ ಅಲ್ಲ, ಹೊಟ್ಟೆ ಯಾವುದು ಬೆನ್ನು ಯಾವುದು, ಎಡಕ್ಕೆ ವಾಲಿದೆಯೋ ಬಲಕ್ಕೋ, ಬರ್ತಿದೆಯೋ ಹೋಗ್ತಿದೆಯೋ ತಿಳೀಬೇಕು. ತ್ರಿಕೋನದ ವಿಮಾನ ನೂರು ಮೀಟರ್ ದೂರ ಹೋದರೆ ಬರೀ ಒಂದು ಕರಿ ಚೂರು. ಅರ್ಧ ಸೆಕೆಂಡು ತಪ್ಪು ತಿಳಿದರೆ ನೇರ ನೆಲಕ್ಕೆ. ಹಾರಿಸುವವರು ಸಾಮಾನ್ಯವಾಗಿ ಒಂದು ರೆಕ್ಕೆಗೆ ಕೆಂಪು, ಇನ್ನೊಂದಕ್ಕೆ ಹಸಿರು ಹಚ್ಚತಾರಂತೆ, ದೊಡ್ಡ ವಿಮಾನದ ದೀಪಗಳ ಹಾಗೆ. ನಮ್ಮ ಹುಡುಗನಿಗೆ ಅವೆರಡೂ ಒಂದೇ.

ಅದಕ್ಕೇ ಗೋಕಾಕ.

ಘಟಪ್ರಭಾ, ಕೊಣ್ಣೂರು ದಾಟಿದರೆ ಫಾಲ್ಸ್ ದಾರಿಯಲ್ಲೇ ಸಿಗತದ. ಮಾಘ ಮಾಸ, ನೀರು ಸಣ್ಣಗಿತ್ತು. 52 ಮೀಟರಿನ ಕಲ್ಲಿನ ಗೋಡೆ ಕುದುರೆ ಲಾಳದ ಹಾಗೆ ಬತ್ತಲೆ ನಿಂತಿತ್ತು. ಭೋರ್ಗರೆತ ಬೇಕಾದವರು ಜುಲೈಯಿಂದ ಸೆಪ್ಟೆಂಬರ್ ಒಳಗೆ ಹೋಗಿ. ಆದರೆ ನನ್ನನ್ನ ಕೇಳಿದರೆ ಬೇಸಿಗೆ ಮುಂಚಿನ ಈ ಹೊತ್ತೂ ಚೆಂದ, ಬಂಡೆಯ ಪದರ ಪದರ ಎಣಿಸಬಹುದು. ಎದುರಿಗೆ ತೂಗುಸೇತುವೆ, ಈ ಕಡೆ ನೂಲಿನ ಗಿರಣಿ, 1885ರದು. ಅದರ ಯಂತ್ರಗಳಿಗೆ ಶಕ್ತಿ ಈ ಧುಮುಕುವ ನೀರಿನಿಂದಲೇ. "ಅತ್ತಿ, ಅಲ್ಲಿ ನೀರು ಕೊಳವಿಯೊಳಗ ಬಂದು ಚಕ್ರ ತಿರಗಸತೈತಿ. ನನ್ನದರಾಗ ಚಕ್ರ ತಿರಗಿ ಕೊಳವಿಯೊಳಗ ಗಾಳಿ ತಳ್ಳತೈತಿ. ಉಲ್ಟಾ, ಅಷ್ಟ" ಅಂದ. ಮೂವತ್ತು ಸಲ ನೋಡಿದ ಫಾಲ್ಸಿನಲ್ಲಿ ನನಗೆ ಹೊಳೆಯದೇ ಇದ್ದ ಮಾತು.

ಗೋಕಾಕದ ಗೊಂಬೆಗಳ ಬಗ್ಗೆ ನಿಮಗೆ ಗೊತ್ತಿರಬಹುದು. ಹಗುರ ಮರದಲ್ಲಿ ಕೆತ್ತಿದ ಹಣ್ಣು, ತರಕಾರಿ, ದೇವರು, ಮನುಷ್ಯರು. ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲೂ ಈ ಗೊಂಬೆಗಳ ಮಾತು ಬರತದ. ಜೀನಗಾರ ಮನೆತನಗಳು ತಲೆಮಾರಿನಿಂದ ಮಾಡಿಕೊಂಡು ಬಂದ ಕೆಲಸ. ಈಗ ಕೈಯಾಡಿಸೋ ಮನೆಗಳು ಕಡಿಮೆ. ಪ್ಲಾಸ್ಟಿಕ್ಕಿನ ಸೇಬು ಅಗ್ಗಕ್ಕೆ ಸಿಗುವಾಗ ಮರದ ಸೇಬಿಗೆ ಯಾರು ಬರತಾರೆ? ನನ್ನ ಮದುವೆಯಲ್ಲಿ ತವರಿನಿಂದ ಕೊಟ್ಟ ಹಣ್ಣಿನ ತಟ್ಟೆಯ ಸೀತಾಫಲ ಇವತ್ತಿಗೂ ನಮ್ಮನೆ ಕಪಾಟಿನಲ್ಲಿದೆ. ಬಂದವರು ಮುಟ್ಟಿ ನೋಡೇ ಬಿಡತಾರೆ.

ನಾವು ಹೋದ ಮನೆಯ ಅಜ್ಜಾರು ಎಪ್ಪತ್ತು ದಾಟಿದವರು. ವಿಮಾನ ನೋಡಿ ನಗಲಿಲ್ಲ, ಬೆರಗೂ ಪಡಲಿಲ್ಲ. ಎರಡೂ ಕೈಯ ಒಂದೊಂದು ಬೆರಳಿನ ಮೇಲೆ ರೆಕ್ಕೆ ಎತ್ತಿ ಹಿಡಿದರು. ಬಾಲ ಕೆಳಗೆ ಜಗ್ಗಿತು.

"ಇದರ ಮೂತಿ ಹಗರ ಆತಲ್ಲೋ ತಮ್ಮಾ."

"ಹೌದ್ರೀ ಅಜ್ಜಾರ, ಬ್ಯಾಟರಿ ಇನ್ನೂ ಮುಂದ ಸರಸಾಕ ಜಾಗಾ ಇಲ್ಲ. ಖರೇ ತೇಜಸ್ ಅಂತೂ ತಾನಾಗೆ ಸ್ಥಿರ ಇರೂದಿಲ್ಲರಿ, ಬೇಕಂತನ ಹಂಗ ಮಾಡ್ಯಾರ, ಚುರುಕು ಹೊರಳಲಿ ಅಂತ. ಕಂಪ್ಯೂಟರ್ ಹಿಡದು ನಿಂದರಸತೈತಿ. ನನ್ನದಕ್ಕ ಕಂಪ್ಯೂಟರ್ ಇಲ್ಲ."

"ಹಂಗಾರ ಮೂತಿ ಕಟಗೀದು ಮಾಡೂಣು" ಅಂದರು ಅಜ್ಜಾರು. ಅಷ್ಟೇ. ಫೋಮಿನ ಮೂತಿ ಕತ್ತರಿಸಿ, ತಮ್ಮ ಹಗುರ ಮರದ ತುಂಡಿನಲ್ಲಿ ಹೊಸ ಮೂತಿ ಕೆತ್ತಿ, ಒಳಗೆ ಟೊಳ್ಳು ಮಾಡಿ, ಮತ್ತೆ ಮತ್ತೆ ಬೆರಳ ಮೇಲಿಟ್ಟು ನೋಡಿದರು. ಎರಡು ತಾಸು ಹಿಡೀತು. ಗೊಂಬೆ ತನ್ನ ಕಾಲ ಮೇಲೆ ತಾನೇ ನಿಲ್ಲದಿದ್ದರೆ ಮಾರಾಟ ಆಗೋದಿಲ್ಲ, ಹಾಗಾಗಿ ತೂಕದ ಲೆಕ್ಕ ಅವರ ಬೆರಳಲ್ಲೇ ಇತ್ತು. ಕಡೆಗೆ ವಿಮಾನ ಸಮತೂಕ ಬಂದು, ಕೂದಲೆಳೆಯಷ್ಟು ಮೂತಿ ಬಗ್ಗಿಸಿ ನಿಂತಿತು. ಹುಡುಗ ಕೇಳಿದ್ದೂ ಅದೇ.

ಬಣ್ಣಕ್ಕೆ ಬಂದಾಗ ಅಜ್ಜಾರು ಇನ್ನೊಂದು ಕೆಲಸ ಮಾಡಿದರು. ಮರದ ಹಣ್ಣುಗಳನ್ನ ಒಂದು ಸಾಲಾಗಿ ಇಟ್ಟು, "ತಮ್ಮಾ, ಅಂಗಳದ ಆ ತುದಿಗೆ ಹೋಗಿ ನಿಂತು ಯಾವ್ಯಾವ ಬ್ಯಾರೆ ಕಾಣತಾವ ಹೇಳು" ಅಂದರು. ಟೊಮ್ಯಾಟೊ ಮತ್ತು ಹಸಿ ಪೇರಲ ಅವನಿಗೆ ಒಂದೇ ಜಾತಿ. ಬಾಳೆಹಣ್ಣು ಫಳಫಳ ಕಂಡಿತು. ನೇರಳೆಯ ಪಕ್ಕ ಕೃಷ್ಣನ ಗೊಂಬೆ ಇಟ್ಟರು, ಕೃಷ್ಣನೂ ಕಂಡ. "ಬಲಕ್ಕ ಬಾಳಿಹಣ್ಣು, ಎಡಕ್ಕ ಕೃಷ್ಣ" ಅಂತ ತೀರ್ಮಾನ ಆಯ್ತು. ಹೊಟ್ಟೆಗೆ ಬಿಳಿ ಮೇಲೆ ಅಗಲ ಕರಿ ಪಟ್ಟಿ. ಬೆನ್ನು ಮಾತ್ರ ತೇಜಸ್‌ನ ಬೂದಿ. ಸ್ಪ್ರೇ ಬಣ್ಣದ ತಿನ್ನರು ಫೋಮನ್ನ ಕರಗಿಸತದ, ಅದಕ್ಕೆ ನೀರಿನ ಬಣ್ಣ, ಕುಂಚ. ಬಣ್ಣದ ತೂಕ 24 ಗ್ರಾಂ.

ಅಳತೆ ಪ್ರಕಾರ ಮಾಡುವವರು ಇದನ್ನ ನೋಡಿದರೆ ಮೂಗು ಮುರಿಯಬಹುದು. ಖರೇ ತೇಜಸ್‌ಗೆ ಎಲ್ಲಿ ಹಳದಿ ರೆಕ್ಕೆ? ನನಗಂತೂ ಅವನು ಮನೆಯಲ್ಲಿ ಅಂಟಿಸಿಕೊಂಡಿದ್ದ ಫೋಟೋದ ವಿಮಾನಕ್ಕಿಂತ ಇದೇ ಚೆಂದ ಅನಿಸಿತು. ಅಜ್ಜಾರು ದುಡ್ಡು ಮರದ್ದಷ್ಟೇ ತಗೊಂಡರು.

ಕಲ್ಲೋಳಿ, ನಾಗನೂರು ದಾಟಿ ಮೂಡಲಗಿ. ಮೊದಲು ಗೋಕಾಕ ತಾಲೂಕಿನಲ್ಲೇ ಇತ್ತು, ಈಗ ತಾನೇ ತಾಲೂಕು. ಶಿವಬೋಧರಂಗ ಸ್ವಾಮಿಯ ಮಠದ ಊರು, ದನದ ಸಂತೆಯ ಊರು. ಕಾಲುವೆ ನೀರು ಬಂದ ಮೇಲೆ ಎತ್ತ ನೋಡಿದರೂ ಕಬ್ಬು. ವಿಮಾನ ಹಾರಿಸುವವರಿಗೆ ಈ ಕಬ್ಬೇ ವೈರಿ. ಆಳೆತ್ತರ ದಾಟಿ ನಿಂತ ಪೈರಿನಲ್ಲಿ ಬಿದ್ದರೆ ಹುಡುಕಲು ಕಾರ್ಖಾನೆಯ ಕಟಾವು ಟೋಳಿ ಬರೋತನಕ ಕಾಯಬೇಕು! ಅದಕ್ಕೇ ಹುಡುಗ ಜನವರಿ ದಾಟಲಿ ಅಂತ ಕಾದಿದ್ದ. ಅವನ ಸೋದರಮಾವನ ನಾಲ್ಕೆಕರೆ ಕಡಿದು ಎಂಟು ದಿನ ಆಗಿತ್ತು. ನೆಲದ ತುಂಬ ಮೊಳಕಾಲುದ್ದ ಒಣ ರವದಿ, ಹಾಸಿಗೆಯ ಹಾಗೆ. ಇನ್ನೂ ಬೆಂಕಿ ಹಚ್ಚಿರಲಿಲ್ಲ. ಅವರು ಹಚ್ಚೋದೂ ಇಲ್ಲ, ಕೊಳೆಸಿ ಗೊಬ್ಬರ ಮಾಡತಾರೆ.

ನಿಯಮಗಳನ್ನೂ ಹುಡುಗ ಓದಿಕೊಂಡಿದ್ದ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೇಲೆ, 2 ಕೆ.ಜಿ. ಒಳಗಿನದು 'ಮೈಕ್ರೋ'. ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಲೈಸೆನ್ಸ್ ಬೇಡ. ಹಸಿರು ವಲಯದಲ್ಲಿ 400 ಅಡಿ ಎತ್ತರದ ಮಿತಿ. ಡಿಜಿಟಲ್ ಸ್ಕೈ ನಕ್ಷೆ ನೋಡಿ, ಪೊಲೀಸ್ ಠಾಣೆಗೂ ಒಂದು ಮಾತು ಹೇಳಿಯೇ ಬಂದಿದ್ದ.

ಬೀಗರು ಹೊಲದ ಬದುವಿನಲ್ಲಿ ಕಾಯ್ತಾ ನಿಂತಿದ್ದರು. ವಿಮಾನ ಕಾರಿನಿಂದ ಇಳಿಸಿದ ತಕ್ಷಣ, "ಇದು ಹಳದಿ, ಇದು ನೀಲಿ. ಬರೊಬ್ಬರಿ ಹಚ್ಚೀರಿ, ನನಗೂ ಕಾಣತಾವ" ಅಂದರು.

ನಾವೆಲ್ಲ ಅವರ ಮುಖ ನೋಡಿದೆವು.

"ನನ್ನವೂ ಅವ ಕಣ್ಣ ಅಕ್ಕಾರ. ಗಿಡದಾಗಿನ ಮೆಣಸಿನಕಾಯಿ ಹಣ್ಣಾದದ್ದು ನನಗ ಇವತ್ತಿಗೂ ತಿಳಿಯೂದಿಲ್ಲ, ಆಳುಗಳಿಗೆ ಕೇಳತೇನಿ. ನಮ್ಮ ಮುತ್ಯಾಗೂ ಹಂಗ ಇತ್ತಂತ. ಯಾರಿಗಿ ಹೇಳೂದು? ಎಮ್ಮಿ ನೋಡಾಕ ಬಣ್ಣ ಬೇಕಾಗಿಲ್ಲ."

ಹುಡುಗನ ತಾಯಿ ಅಣ್ಣನನ್ನೇ ನೋಡ್ತಾ ನಿಂತಳು. ಒಂದೇ ಮನೆಯಲ್ಲಿ ಬೆಳೆದವರು, ಅವಳಿಗೂ ಇದು ಗೊತ್ತಿರಲಿಲ್ಲ. "ಅಯ್ಯ, ಹೇಳಬೇಕಿಲ್ಲೇನೋ ಅಣ್ಣಾ" ಅಂದವಳು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಆಮೇಲೆ ಮಾತು ನಿಲ್ಲಲಿಲ್ಲ.

ಬೆಳಗಿನ ಏಳೂವರೆ. ಬೀಗರು ಒಂದು ಹಿಡಿ ಮಣ್ಣು ತೂರಿ ಗಾಳಿಯ ದಿಕ್ಕು ನೋಡಿದರು. ಎಸೆಯುವ ಕೆಲಸವೂ ಅವರದೇ. ಜೋಳದ ಹೊಲದಲ್ಲಿ ಕವಣೆ ಬೀಸಿದ ಕೈ ಅದು. ಹುಡುಗ ಫ್ಯಾನು ಪೂರ್ತಿ ಏರಿಸಿದ. ಹಿಟ್ಟಿನ ಗಿರಣಿ ದೂರದಲ್ಲಿ ಕೂಗಿದ ಹಾಗೆ ಸದ್ದು. "ಮಾಮಾ, ಈಗ!"

ಕೈಬಿಟ್ಟ ವಿಮಾನ ಮೊದಲು ಕೆಳಗಿಳಿಯಿತು. ರವದಿಗೆ ಒಂದು ಗೇಣು ಇರುವಾಗ ಮೂತಿ ಎತ್ತಿ, ವೇಗ ಹಿಡಿದು, ಬಾವಿಯ ಮೇಲಿನ ತೆಂಗಿನ ಗಿಡ ದಾಟಿ ಹೋಯಿತು. ದೂರ ಹೋದಾಗ ನನಗೆ ಅದೊಂದು ಹದ್ದಿನ ಹಾಗೆ, ಯಾವ ಕಡೆ ಮುಖ ಅಂತಲೇ ತಿಳೀಲಿಲ್ಲ. ಹುಡುಗ ಮಾತ್ರ ತನ್ನಷ್ಟಕ್ಕೆ "ಬಾಳಿಹಣ್ಣು... ಬಾಳಿಹಣ್ಣು... ಕೃಷ್ಣ..." ಅಂತ ಗುಣುಗುಡ್ತಾ ಬೆರಳು ಆಡಿಸ್ತಿದ್ದ. ಎರಡು ಸುತ್ತು, ಮೂರು ಸುತ್ತು. ಒಮ್ಮೆ ನಮ್ಮ ನೆತ್ತಿಯ ಮೇಲೇ ಹಾದಾಗ ಕರಿ ಬಿಳಿ ಹೊಟ್ಟೆ ಕಂಡಿತು. ಮೂರು ನಿಮಿಷಕ್ಕೆ ರಿಮೋಟು ಬೀಪ್ ಅಂದಿತು. ಬ್ಯಾಟರಿ ಪೂರ್ತಿ ಬಸಿಯಬಾರದಂತೆ. ಫ್ಯಾನು ಇಳಿಸಿ, ಗಾಳಿಗೆ ಎದುರಾಗಿ ತಂದು, ರವದಿಯ ಮೇಲೆ ಸರ್ರನೆ ಜಾರಿಸಿ ನಿಲ್ಲಿಸಿದ. ಮರದ ಮೂತಿಗೆ ಒಂದು ಗೀರು, ಅಷ್ಟೇ.

ನನ್ನ ತಮ್ಮ ಅಲ್ಲೀತನಕ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದವನು ಎದ್ದು, ಓಡಲಿಲ್ಲ ಆದರೂ ಓಡಿದ ಹಾಗೇ ಹೋಗಿ, ರವದಿ ಬಿಡಿಸಿ ವಿಮಾನ ಎತ್ತಿಕೊಂಡು ಬಂದ. ಕೂಸನ್ನ ಎತ್ತಿದ ಹಾಗೆ ಎರಡೂ ಕೈಯಲ್ಲಿ.

"ಇನ್ನೊಂದು ಬ್ಯಾಟರಿ ತಂದಿಯೇನ?"

"ಒಂದ ಐತಿ ಅಪ್ಪಾ. ಇದು ತಣ್ಣಗಾಗಿ ಮತ್ತ ಚಾರ್ಜ್ ಆಗಬೇಕು, ಒಂದೂವರಿ ತಾಸ."

ಬೀಗರು ಬದುವಿನಲ್ಲಿ ಉಳಿದಿದ್ದ ನಾಲ್ಕು ಕಬ್ಬು ಮುರಿದು ಎಲ್ಲರ ಕೈಗೂ ಕೊಟ್ಟರು. ಬ್ಯಾಟರಿ ಮಡಿಕೆಯೊಳಗೆ ಹೋಯಿತು. ನಾವು ಬೇವಿನ ನೆರಳಿಗೆ ಕೂತೆವು.